ಸೊಂಟಕ್ಕೊಂದು ಪಿಸ್ತೂಲು

ಪಿಸ್ತೂಲು ಕೊಳ್ಳುವವನು ಮೊದಲು ಪ್ಯಾಂಟು ಕೊಳ್ಳಬೇಕು. ಈ ಜ್ಞಾನೋದಯ ನನಗಾದದ್ದು ಟೆಕ್ಸಾಸಿನಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವ ನನ್ನ ಭಾವಮೈದುನನ ದೆಸೆಯಿಂದ. ಅರ್ಧ ಕಿಲೋ ತೂಕದ ಯಂತ್ರವೊಂದನ್ನು ಸೊಂಟದ ಒಳಗೆ ಸಿಕ್ಕಿಸಿಕೊಂಡು ದಿನವೆಲ್ಲ ಓಡಾಡಬೇಕೆಂದರೆ ಪ್ಯಾಂಟು ಒಂದೆರಡು ಇಂಚು ಸಡಿಲವಿರಬೇಕು, ಬೆಲ್ಟು ಭಾರಕ್ಕೆ ಬಾಗದಂಥದ್ದಾಗಿರಬೇಕು, ಅಂಗಿಯನ್ನು ಇನ್‌ಷರ್ಟ್ ಮಾಡದೆ ಹೊರಗೆ ಬಿಟ್ಟಿರಬೇಕು. ಆ ಅಂಗಿಯ ಬಣ್ಣ ಗಾಢವಾಗಿದ್ದು ಮೈತುಂಬ ಚೌಕಳಿಯೋ ಹೂವಿನ ಚಿತ್ತಾರವೋ ಇದ್ದರೆ ಇನ್ನೂ ವಾಸಿ, ಒಳಗಿನ ಉಬ್ಬು ಕಾಣುವುದಿಲ್ಲ. ಹೆಂಡತಿ ಎಷ್ಟು ವರ್ಷ ಹೇಳಿದರೂ ಹೂವಿನ ಅಂಗಿ ತೊಡದ ಗಂಡಸು ಪಿಸ್ತೂಲು ಹೇಳಿದ ಕೂಡಲೇ ತೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಭಾವಮೈದುನ ಸಾಧು ಪ್ರಾಣಿ. ಮನೆಯೊಳಗೆ ಬಂದ ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬರುವವನು. ಹಿಂದಿನ ಬೀದಿಯಲ್ಲೊಂದು ಕಳ್ಳತನ ಆದಮೇಲೆ ಅವನ ತಲೆಗೆ ಈ ಯೋಚನೆ ಹೊಕ್ಕಿತು. ಭಾರತೀಯರ ಮನೆಗಳಲ್ಲಿ ಚಿನ್ನ ಇರುತ್ತದೆ ಎಂಬ ಗುಟ್ಟು ಅಲ್ಲಿನ ಕಳ್ಳರಿಗೂ ತಿಳಿದು ಬಹಳ ಕಾಲವಾಯಿತು. “ಭಾವ, ಇಲ್ಲಿ ಎಲ್ಲರ ಹತ್ರಾನೂ ಒಂದಿದೆ, ನಮ್ಮ ಹತ್ರ ಮಾತ್ರ ಇಲ್ಲ” ಎಂದ. ಹಿಂದೆ ದೊಡ್ಡ ಕಾರಿನ ವಿಷಯದಲ್ಲೂ ಈಜುಕೊಳದ ವಿಷಯದಲ್ಲೂ ಇದೇ ಮಾತು ಹೇಳಿದ್ದ. ನಿಜವಾಗಿ ಎಲ್ಲರ ಹತ್ತಿರವೂ ಇಲ್ಲ. ಪ್ಯೂ ಸಂಶೋಧನಾ ಕೇಂದ್ರದವರು 2023ರಲ್ಲಿ ವಿಚಾರಿಸಿದಾಗ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ 32 ಮಂದಿ ತಮ್ಮದೊಂದು ಬಂದೂಕು ಇದೆ ಎಂದಿದ್ದರು. ಇದ್ದವರ ಪೈಕಿ ನೂರಕ್ಕೆ 72 ಮಂದಿ ಅದಕ್ಕೆ ಕೊಟ್ಟ ದೊಡ್ಡ ಕಾರಣ ರಕ್ಷಣೆ. ಮೊದಲು ಬೇಟೆಗೆಂದು ಬಂದೂಕು ಇಟ್ಟುಕೊಳ್ಳುತ್ತಿದ್ದ ದೇಶ ಈಗ ಭಯಕ್ಕೆಂದು ಇಟ್ಟುಕೊಳ್ಳುತ್ತಿದೆ. ಬೇಟೆಗೆ ಉದ್ದನೆಯ ಕೋವಿ ಬೇಕು, ಭಯಕ್ಕೆ ಗಿಡ್ಡನೆಯದು ಸಾಕು. ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ್ಡವೇ ತುಂಬಿಕೊಂಡಿರುವುದು ಇದರಿಂದಲೇ ಇರಬೇಕು.

ಅವನು ಅಮೆರಿಕದ ಪೌರ, ಕೊಳ್ಳಲು ಅಡ್ಡಿಯಿಲ್ಲ. ಕೆಲಸದ ವೀಸಾದ ಮೇಲೆ ಹೋದ ನಮ್ಮ ಹುಡುಗರಿಗೆ ಸಾಮಾನ್ಯವಾಗಿ ಆ ಹಕ್ಕಿಲ್ಲ. ಆದರೆ ಬೇಟೆಯ ಪರವಾನಗಿ ಪಡೆದಿದ್ದರೆ ವಿನಾಯಿತಿ ಉಂಟಂತೆ. ಹಸಿರು ಕಾರ್ಡಿಗಾಗಿ ದಶಕಗಟ್ಟಲೆ ಸಾಲಿನಲ್ಲಿ ನಿಂತವನಿಗೂ ಜಿಂಕೆ ಹೊಡೆಯಲು ಹೊರಟರೆ ಪಿಸ್ತೂಲು ಸಿಕ್ಕೀತು ಎಂದಾಯಿತು. ಕಾನೂನುಗಳಲ್ಲಿ ಇಂಥ ಸಂದುಗಳು ಎಲ್ಲ ದೇಶದಲ್ಲೂ ಇರುತ್ತವೆ, ನಾವು ನಗುವ ಹಾಗಿಲ್ಲ.

ಟೆಕ್ಸಾಸ್ ಎಂದ ಕೂಡಲೇ ಸಿನಿಮಾ ನೋಡಿದ ನಮ್ಮ ಕಣ್ಣ ಮುಂದೆ ಎರಡೂ ತೊಡೆಗೆ ರಿವಾಲ್ವರು ಕಟ್ಟಿದ ಕೌಬಾಯ್ ಬಂದು ನಿಲ್ಲುತ್ತಾನೆ. ಆದರೆ 1871ರಲ್ಲೇ ಅಲ್ಲಿನ ಶಾಸನಸಭೆ ಪಿಸ್ತೂಲು ಧರಿಸಿ ಓಡಾಡುವುದನ್ನು ಅಪರಾಧ ಮಾಡಿತ್ತು. ಆ ನಿರ್ಬಂಧ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ನಿಂತಿತ್ತು. ಅದನ್ನು ಅಲುಗಿಸಿದ್ದು ಒಂದು ಮಧ್ಯಾಹ್ನದ ಊಟ. 1991ರ ಅಕ್ಟೋಬರ್ 16ರಂದು ಕಿಲ್ಲೀನ್ ಊರಿನ ಲೂಬೀಸ್ ಹೋಟೆಲಿಗೆ ಒಬ್ಬ ತನ್ನ ಟ್ರಕ್ಕನ್ನೇ ನುಗ್ಗಿಸಿ, ಊಟಕ್ಕೆ ಕೂತಿದ್ದ 23 ಜನರನ್ನು ಗುಂಡಿಟ್ಟು ಕೊಂದ. ತಂದೆತಾಯಿಯ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಎಂಬಾಕೆಯ ಬಳಿ ರಿವಾಲ್ವರ್ ಇತ್ತು. ಕಾನೂನಿಗೆ ಹೆದರಿ ಅದನ್ನು ಕಾರಿನಲ್ಲೇ ಬಿಟ್ಟಿದ್ದಳು. ಅವಳು ಉಳಿದಳು, ತಂದೆತಾಯಿ ಇಬ್ಬರೂ ಹೋದರು. ಆಮೇಲೆ ಅವಳು ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ಸಾಕ್ಷಿ ಹೇಳಿದಳು, 1996ರಲ್ಲಿ ತಾನೇ ಶಾಸಕಿಯಾದಳು. ಅಷ್ಟರಲ್ಲಿ, 1995ರಲ್ಲಿ, ಆಗ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಪರವಾನಗಿ ಪಡೆದು ಬಚ್ಚಿಟ್ಟು ಒಯ್ಯಬಹುದು ಎಂಬ ಮಸೂದೆಗೆ ಸಹಿ ಹಾಕಿದ್ದರು. 2021ರ ಸೆಪ್ಟೆಂಬರ್ 1ರಿಂದ ಆ ಪರವಾನಗಿಯೂ ಬೇಡವಾಯಿತು, ಆಗಿನ ಕಾನೂನಿನಂತೆ 21 ವರ್ಷ ತುಂಬಿದ್ದು ಬೇರೆ ನಿಷೇಧಗಳಿಲ್ಲದಿದ್ದರೆ ಸಾಕಿತ್ತು. ಆ ಹೋಟೆಲಿನ ಕಥೆ ಕೇಳಿದವರಾರೂ ‘ಪಿಸ್ತೂಲು ಕೈಲಿದ್ದಿದ್ದರೆ’ ಎಂಬ ಅವಳ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾರರು. ನಾನೂ ಹಾಕುವುದಿಲ್ಲ. ಆದರೆ ಒಂದು ಮಧ್ಯಾಹ್ನಕ್ಕೆ ಸರಿಯಾದ ಉತ್ತರ ಮಿಕ್ಕ ಸಾವಿರಾರು ಮಧ್ಯಾಹ್ನಗಳಿಗೂ ಸರಿಯೇ ಎಂಬುದು ಬೇರೆ ಲೆಕ್ಕ. ಅದಕ್ಕೆ ಆಮೇಲೆ ಬರೋಣ.

ಅಂಗಡಿಗೆ ಹೋದೆವು. ಅದರ ಹಿಂದೆಯೇ ಗುಂಡು ಹಾರಿಸಿ ನೋಡುವ ಶೂಟಿಂಗ್ ರೇಂಜು. ಕೌಂಟರಿನ ಹಿಂದೆ ನಿಂತಿದ್ದ ಅಜ್ಜ ಭಾವಮೈದುನನನ್ನು ‘ಯಾರ ಭಯ’ ಎಂದು ಕೇಳಲಿಲ್ಲ. ಆಫೀಸಿಗೆ ಯಾವ ಬಟ್ಟೆ ಹಾಕಿಕೊಂಡು ಹೋಗುತ್ತೀ ಎಂದು ಕೇಳಿದ, ಅಂಗೈ ತೋರಿಸು ಎಂದ, ದಿನಾ ಕಾರಿನಲ್ಲಿ ಎಷ್ಟು ಹೊತ್ತು ಕೂರುತ್ತೀ ಎಂದು ವಿಚಾರಿಸಿದ. ಪಕ್ಕಾ ದರ್ಜಿಯ ಪ್ರಶ್ನೆಗಳು. ಆಮೇಲೆ ನನಗೆ ಅರ್ಥವಾಯಿತು, ಬಚ್ಚಿಟ್ಟು ಒಯ್ಯುವ ಪಿಸ್ತೂಲಿನ ಆಯ್ಕೆಯಲ್ಲಿ ಶತ್ರುವಿಗೆ ಯಾವ ಪಾತ್ರವೂ ಇಲ್ಲ. ಶತ್ರು ಬಂದರೂ ಬಾರದಿದ್ದರೂ ಅದನ್ನು ಹೊರಬೇಕಾದದ್ದು ನಿಮ್ಮ ಸೊಂಟ.

ಇದರಲ್ಲಿರುವುದು ಒಂದೇ ಜಗಳ, ಮಿಕ್ಕದ್ದೆಲ್ಲ ಅದರ ಕವಲು. ಹೊರಲು ಸುಲಭವಾದದ್ದು ಹಾರಿಸಲು ಕಷ್ಟ, ಹಾರಿಸಲು ಸುಲಭವಾದದ್ದು ಹೊರಲು ಕಷ್ಟ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಮಡಿಕೆಯ ಪುಟಾಣಿ ಛತ್ರಿ ಸದಾ ಚೀಲದಲ್ಲಿರುತ್ತದೆ, ಗಾಳಿಮಳೆ ಬಂದ ದಿನ ತಿರುಗಿಕೊಂಡು ಕೈಕೊಡುತ್ತದೆ. ಉದ್ದ ಕೋಲಿನ ಛತ್ರಿ ಎಂಥ ಮಳೆಗೂ ಜಗ್ಗುವುದಿಲ್ಲ, ಆದರೆ ಮಳೆ ಬಂದ ದಿನ ಅದು ಮನೆಯ ಮೂಲೆಯಲ್ಲಿರುತ್ತದೆ.

ಮೊದಲು ಭಾವಮೈದುನ ಮನಸೋತದ್ದು ರೂಗರ್ ಕಂಪನಿಯ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲಿಗೆ. 2008ರಲ್ಲಿ ಮಾರುಕಟ್ಟೆಗೆ ಬಂದದ್ದು, ಖಾಲಿ ತೂಕ 270 ಗ್ರಾಮಿನ ಆಸುಪಾಸು, ಪ್ಯಾಂಟಿನ ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಅದನ್ನು ಹಾರಿಸಿ ನೋಡಿದ. ಐದಾರು ಗುಂಡು ಮುಗಿಯುವಷ್ಟರಲ್ಲಿ ಅವನ ಮುಖ ಹುಳ್ಳಗಾಗಿತ್ತು. ಇದು ಬರೀ ಹೈಸ್ಕೂಲಿನ ಭೌತಶಾಸ್ತ್ರ. ಗುಂಡನ್ನು ಮುಂದಕ್ಕೆ ತಳ್ಳಿದಷ್ಟೇ ಬಲ ಪಿಸ್ತೂಲನ್ನು ಹಿಂದಕ್ಕೆ ಒದೆಯುತ್ತದೆ, ಪಿಸ್ತೂಲು ಹಗುರವಾದಷ್ಟೂ ಆ ಒದೆತ ಅಂಗೈಗೆ ಜೋರಾಗಿ ಬೀಳುತ್ತದೆ. ಹಿಡಿ ಗಿಡ್ಡವಾದ್ದರಿಂದ ಕಿರುಬೆರಳಿಗೆ ನೆಲೆಯೇ ಇಲ್ಲ, ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಗುರಿ ಹಿಡಿಯಲು ನಳಿಗೆಯ ತುದಿಗೊಂದು ಬುಡಕ್ಕೊಂದು ಗುರುತಿರುತ್ತದಲ್ಲ, ಅವೆರಡರ ನಡುವಿನ ಅಂತರ ಕಡಿಮೆಯಾದಷ್ಟೂ ಕೈಯ ಕೂದಲೆಳೆಯ ನಡುಕ ಗುರಿಯಲ್ಲಿ ಗೇಣುದ್ದದ ತಪ್ಪಾಗುತ್ತದೆ.

ಆಮೇಲೆ ಗ್ಲಾಕ್ 19 ಕೊಟ್ಟರು. ಇದರ ತಂದೆ ಗ್ಯಾಸ್ಟನ್ ಗ್ಲಾಕ್ ಎಂಬ ಆಸ್ಟ್ರಿಯದ ಎಂಜಿನಿಯರು. ಪಿಸ್ತೂಲಿಗೆ ಕೈಹಾಕುವ ಮೊದಲು ಆತ ಮಾಡುತ್ತಿದ್ದದ್ದು ಕಿಟಕಿ ಪರದೆಯ ಸರಳು, ಸೈನ್ಯಕ್ಕೆ ಚಾಕು ಇತ್ಯಾದಿ. 1980ರ ದಶಕದ ಆರಂಭದಲ್ಲಿ ಅವನ ಪ್ಲಾಸ್ಟಿಕ್ ಮೈಯ ಗ್ಲಾಕ್ 17 ಅನ್ನು ಆಸ್ಟ್ರಿಯದ ಸೈನ್ಯ ಒಪ್ಪಿಕೊಂಡಿತು. ಅದನ್ನು ಸ್ವಲ್ಪ ಮೊಟಕು ಮಾಡಿ 1988ರಲ್ಲಿ ತಂದದ್ದು ಈ 19. ಗುಂಡು ತುಂಬುವ ಮ್ಯಾಗಜೀನಿನಲ್ಲಿ 15, ಖಾಲಿ 600 ಗ್ರಾಂ, ತುಂಬಿದರೆ 850ರ ಹತ್ತಿರ. ಭಾವಮೈದುನನ ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದವು. ಖುಷಿಯಾದ. ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತು ನೋಡು ಎಂದ ಅಜ್ಜ. ಕೂತ. ಹಿಡಿಯ ತುದಿ ಪಕ್ಕೆಲುಬಿಗೆ ಚುಚ್ಚಿತು, ಖುಷಿ ಇಳಿಯಿತು. ಬಚ್ಚಿಡುವುದಕ್ಕೆ ತೊಡಕಾಗುವುದು ಎಲ್ಲರೂ ತಿಳಿದಂತೆ ನಳಿಗೆಯ ಉದ್ದವಲ್ಲ, ಹಿಡಿಯ ಉದ್ದ. ನಳಿಗೆ ಪ್ಯಾಂಟಿನೊಳಗೆ ಇಳಿದುಹೋಗುತ್ತದೆ, ಅಂಗಿಯನ್ನು ಮೊಳೆ ಹೊಡೆದಂತೆ ಎತ್ತಿಹಿಡಿಯುವುದು ಹಿಡಿ. ಹೀಗೆ ಉಬ್ಬು ಕಾಣುವುದಕ್ಕೆ ಅಲ್ಲಿನವರು ಪ್ರಿಂಟಿಂಗ್ ಎನ್ನುತ್ತಾರೆ.

ರಿವಾಲ್ವರ್ ಕೂಡ ಇತ್ತು. ಸ್ಮಿತ್ ಅಂಡ್ ವೆಸನ್ನಿನವರ ಗಿಡ್ಡಮೂತಿ, 1950ರಿಂದ ಬಂದ ವಂಶ, ಐದೇ ಗುಂಡು. ಅದರ ಗುಣ ಏನೆಂದರೆ ಹಿಂದಕ್ಕೆಳೆಯುವ ಸ್ಲೈಡು ಇಲ್ಲ, ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಅವಗುಣ ಏನೆಂದರೆ ಟ್ರಿಗರ್ ಎಳೆಯಲು ಐದು ಕಿಲೋದಷ್ಟು ಬಲ ಬೇಕು. ಮುಪ್ಪಿನ ಬೆರಳಿಗೆ ಟ್ರಿಗರ್ ಭಾರ, ಮುಪ್ಪಿನ ಮಣಿಕಟ್ಟಿಗೆ ಸ್ಲೈಡು ಭಾರ. ಹಾಗಾಗಿಯೇ 2018ರಲ್ಲಿ ಅದೇ ಕಂಪನಿ ಸುಲಭವಾಗಿ ಎಳೆಯಬಲ್ಲ ಸ್ಲೈಡಿನ ಪಿಸ್ತೂಲೊಂದನ್ನು ಹೊರತಂದಿತು. ಸಂಧಿವಾತದವರಿಗೂ ಪಿಸ್ತೂಲು! ಅಮೆರಿಕದ ವ್ಯಾಪಾರಿ ಯಾರನ್ನೂ ಬಿಡುವುದಿಲ್ಲ.

ಕೊನೆಗೆ ಭಾವಮೈದುನ ಆರಿಸಿದ್ದು ನಡುವಿನ ಜಾತಿಯದು, ಸಿಗ್ ಸೌವರ್ ಕಂಪನಿಯ ಪಿ365. ವರ್ಷದ ಮುನ್ನೂರ ಅರವತ್ತೈದು ದಿನವೂ ಒಯ್ಯಿರಿ ಎಂಬುದೇ ಹೆಸರಿನ ಇಂಗಿತ. 2018ರಲ್ಲಿ ಇದು ಬಂದಾಗ ಇಡೀ ಮಾರುಕಟ್ಟೆ ಅಲ್ಲಾಡಿತು. ಅಲ್ಲಿಯವರೆಗೆ ಈ ಗಾತ್ರದ ತೆಳು ಪಿಸ್ತೂಲುಗಳಲ್ಲಿ ಆರೋ ಏಳೋ ಗುಂಡು ಹಿಡಿಸುತ್ತಿದ್ದವು. ಇವರು ಮ್ಯಾಗಜೀನಿನೊಳಗೆ ಗುಂಡುಗಳನ್ನು ಅರೆಬರೆ ಓರೆಯಾಗಿ ಪೇರಿಸಿ ಹತ್ತು ತುಂಬಿದರು. ಖಾಲಿ ತೂಕ ಅರ್ಧ ಕಿಲೋ. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್‌ನವರು ಹೆಲ್‌ಕ್ಯಾಟ್ ಎಂಬ ಹೆಸರಿನಲ್ಲಿ ಹನ್ನೊಂದು ತುಂಬಿದರು. ಒಂದು ಹೆಚ್ಚು!

ಈ ಗಾತ್ರದ ವಿಚಾರದಲ್ಲಿ ಸರ್ಕಾರದ ಕೈವಾಡವೂ ಇದೆ, ಅದು ಮಜವಾಗಿದೆ. 1968ರ ಬಂದೂಕು ನಿಯಂತ್ರಣ ಕಾನೂನು ಅಗ್ಗದ, ಪುಟಾಣಿ, ಜೇಬಿಗಿಳಿಯುವ ಪಿಸ್ತೂಲುಗಳು ಹೊರದೇಶದಿಂದ ಬಾರದಂತೆ ಅಳತೆ ಇಟ್ಟು ಅಂಕ ಕೊಡುವ ಪದ್ಧತಿ ತಂದಿತು. ಎತ್ತರ ಕನಿಷ್ಠ ನಾಲ್ಕಿಂಚು ಇರಬೇಕು. ಜರ್ಮನಿಯ ಪ್ರಸಿದ್ಧ ವಾಲ್ಟರ್ ಪಿಪಿಕೆ ಕೂದಲೆಳೆಯಲ್ಲಿ ಕುಳ್ಳಾಯಿತು. ವಾಲ್ಟರ್‌ನವರು ಅದರ ಅಣ್ಣ ಪಿಪಿಯ ಉದ್ದನೆಯ ಹಿಡಿಗೆ ಪಿಪಿಕೆಯ ಮೇಲ್ಭಾಗ ಕೂರಿಸಿ, ತುಸು ಎತ್ತರ ಮಾಡಿ, ಪಿಪಿಕೆ/ಎಸ್ ಎಂದು ಹೆಸರಿಟ್ಟು ಹಡಗು ಹತ್ತಿಸಿದರು. ಇದು ದೊಡ್ಡದು ಮಾಡಿಸಿದ ಕಾನೂನು. 1994ರಲ್ಲಿ ಬಂದ ಇನ್ನೊಂದು ಕಾನೂನು, ಮ್ಯಾಗಜೀನಿನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಕೂಡದು ಎಂದಿತು. ಹತ್ತೇ ತಾನೆ, ಹತ್ತಕ್ಕೆ ಅಷ್ಟು ದೊಡ್ಡ ಪಿಸ್ತೂಲೇಕೆ ಎಂದುಕೊಂಡ ತಯಾರಕರು ಗಾತ್ರವನ್ನೇ ಇಳಿಸಿದರು. ಸರಿಯಾಗಿ ಹತ್ತು ಹಿಡಿಸುವ ‘ಬೇಬಿ ಗ್ಲಾಕ್’ ಬಂದದ್ದು ಆ ಹೊತ್ತಿನಲ್ಲೇ. ಕಾನೂನು 2004ರಲ್ಲಿ ಅವಧಿ ಮುಗಿದು ಹೋಯಿತು, ಬೇಬಿ ಉಳಿಯಿತು. ಕಡಿಮೆ ಗುಂಡು ಬೇಕೆಂದವರಿಗೆ ಸಿಕ್ಕಿದ್ದು ಸುಲಭವಾಗಿ ಬಚ್ಚಿಡಬಹುದಾದ ಪಿಸ್ತೂಲು.

ಪಿಪಿಕೆ ಎಂದಾಗ ಜೇಮ್ಸ್ ಬಾಂಡನನ್ನು ಬಿಟ್ಟು ಮುಂದೆ ಹೋಗುವುದು ಅಪಚಾರ. ಬಾಂಡ್ ಹುಟ್ಟಿನಿಂದ ಪಿಪಿಕೆಯವನಲ್ಲ. ಇಯಾನ್ ಫ್ಲೆಮಿಂಗ್ ಮೊದಲ ಕಾದಂಬರಿಗಳಲ್ಲಿ ಅವನಿಗೆ ಕೊಟ್ಟಿದ್ದದ್ದು .25 ಬೆರೆಟಾ. 1956ರಲ್ಲಿ ಗ್ಲಾಸ್ಗೋದ ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕುಪ್ರಿಯ ಓದುಗ, ಸ್ವಾಮೀ, ಇದು ಹೆಂಗಸರ ಪಿಸ್ತೂಲು, ಅದರಲ್ಲೂ ಒಳ್ಳೆಯ ಹೆಂಗಸರದ್ದೂ ಅಲ್ಲ ಎಂಬರ್ಥದ ಕಾಗದ ಬರೆದ. ಅವನ ಶಿಫಾರಸು ಇದ್ದದ್ದು ಸ್ಮಿತ್ ಅಂಡ್ ವೆಸನ್ನಿನ ಹಗುರ ರಿವಾಲ್ವರಿಗೆ, ಅದನ್ನು ಒಂದು ನಿರ್ದಿಷ್ಟ ಹೋಲ್‌ಸ್ಟರಿನಲ್ಲಿ, ಅಂದರೆ ಪಿಸ್ತೂಲಿನ ಚೀಲದಲ್ಲಿ, ಇಡಬೇಕು ಎಂದು. ಫ್ಲೆಮಿಂಗ್ ಎಂಥ ಸಜ್ಜನ ಎಂದರೆ 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಆ ಓದುಗನನ್ನೇ ಮೇಜರ್ ಬೂತ್‌ರಾಯ್ಡ್ ಎಂಬ ಪಾತ್ರ ಮಾಡಿ, ಅವನ ಕೈಯಿಂದಲೇ ಬಾಂಡನ ಬೆರೆಟಾ ಕಿತ್ತುಕೊಳ್ಳಿಸಿದ. ಆದರೆ ಪಿಪಿಕೆಗೆ ಜೊತೆ ಮಾಡಿದ್ದು ರಿವಾಲ್ವರಿಗೆಂದೇ ಮಾಡಿದ್ದ ಆ ಹೋಲ್‌ಸ್ಟರನ್ನು. ಲೋಕದ ಅತಿ ಪ್ರಸಿದ್ಧ ಗೂಢಚಾರ ಹೀಗೆ ಪಿಸ್ತೂಲು ಕೂರದ ಚೀಲ ಹೊತ್ತುಕೊಂಡೇ ಪ್ರಸಿದ್ಧನಾದ. ಕಥೆ ಓದುವ ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಉಳಿದ ಒಬ್ಬ ಈವತ್ತಿಗೂ ಕಾಗದ ಬರೆಯುತ್ತಿರುತ್ತಾನೆ.

ಇಂಥ ಪುಟ್ಟ ಪಿಸ್ತೂಲುಗಳ ಮೂಲಪುರುಷರಲ್ಲಿ ದೊಡ್ಡವನು ಜಾನ್ ಬ್ರೌನಿಂಗ್. 1855ರಲ್ಲಿ ಯೂಟಾದ ಆಗ್ಡೆನ್ನಿನಲ್ಲಿ ಹುಟ್ಟಿ, 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ, ಕಾರ್ಖಾನೆಯಲ್ಲಿ ಕೆಲಸದ ಮೇಲಿದ್ದಾಗಲೇ ತೀರಿಕೊಂಡವನು. ಸಭ್ಯ ಗೃಹಸ್ಥನ ಕೋಟಿನ ಜೇಬಿಗೆಂದು ಅವನು ಪಿಸ್ತೂಲುಗಳನ್ನೂ ಅವಕ್ಕೆ ತಕ್ಕ ಗುಂಡುಗಳನ್ನೂ ರೂಪಿಸಿದ. ಆದರೆ ಚರಿತ್ರೆ ನೆನಪಿಟ್ಟದ್ದು ಗೃಹಸ್ಥರನ್ನಲ್ಲ. 1914ರ ಜೂನ್ 28ರಂದು ಸರಾಯೆವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯದ ಯುವರಾಜನನ್ನು ಕೊಂದದ್ದು ಬ್ರೌನಿಂಗನ 1910ರ ಮಾದರಿಯಿಂದ, ಅದರ ಗುಂಡು .380. ಯುರೋಪಿನವರು ಅದೇ ಗುಂಡನ್ನು ಗಿಡ್ಡ 9 ಎಂ.ಎಂ. ಎನ್ನುತ್ತಾರೆ. 1948ರ ಜನವರಿ 30ರಂದು ಬಿರ್ಲಾ ಭವನದ ಪ್ರಾರ್ಥನಾ ಸಭೆಗೆ ನಾಥೂರಾಮ್ ಗೋಡ್ಸೆ ಬಚ್ಚಿಟ್ಟುಕೊಂಡು ಬಂದ ಇಟಲಿಯ ಬೆರೆಟಾ ಎಂ1934ರಲ್ಲಿ ಇದ್ದದ್ದೂ ಅದೇ ಅಳತೆಯ ಗುಂಡು. ಬ್ರೌನಿಂಗನದೇ ಇನ್ನೊಂದು ಗುಂಡು .32, ಯುರೋಪಿನ ಲೆಕ್ಕದಲ್ಲಿ 7.65 ಎಂ.ಎಂ. ಈ 7.65 ಎಂಬ ಅಂಕಿ ಕನ್ನಡದ ಓದುಗರಿಗೆ ಗೊತ್ತು. ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ, ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯ ವರದಿಗಳಲ್ಲಿ ನಾಡ ಪಿಸ್ತೂಲಿನ ಜೊತೆಗೇ ಬಂದ ಅಂಕಿ ಅದು. ಇನ್ನೂ ಹಿಂದಕ್ಕೆ ಹೋದರೆ 1865ರಲ್ಲಿ ಅಧ್ಯಕ್ಷ ಲಿಂಕನ್‌ರನ್ನು ಕೊಂದ ಬೂತ್ ಎಂಬಾತನ ಕೈಯಲ್ಲಿದ್ದದ್ದು ಫಿಲಡೆಲ್ಫಿಯದ ಹೆನ್ರಿ ಡೆರಿಂಜರ್ ಮಾಡಿದ ಅಂಗೈಯಗಲದ ಒಂಟಿ ಗುಂಡಿನ ಪಿಸ್ತೂಲು. ಈಗ ಅದು ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನ ವಸ್ತುಸಂಗ್ರಹಾಲಯದಲ್ಲಿದೆ. ಬಚ್ಚಿಡುವ ಪಿಸ್ತೂಲಿನ ಗುಣವೇ ಅದು. ಎದುರಿನವನಿಗೆ ಕಾಣದಿರುವುದು ರಕ್ಷಣೆಗೆ ಎಷ್ಟು ಅನುಕೂಲವೋ ಕೊಲೆಗೆ ಅದಕ್ಕಿಂತ ಹೆಚ್ಚು ಅನುಕೂಲ. ಇದನ್ನು ಹೇಳಿದರೆ ಭಾವಮೈದುನನಿಗೆ ಸಿಟ್ಟು ಬರುತ್ತದೆ.

ಹೇಗೂ ಪಿಸ್ತೂಲು ಆರಿಸಿಯಾಯಿತು, ಎಲ್ಲಿಡುವುದು? ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತಾರೆ. ಹೊಕ್ಕುಳು ಹನ್ನೆರಡು ಗಂಟೆ, ಬಲ ಸೊಂಟ ಮೂರು ಗಂಟೆ, ಅದರ ಹಿಂದೆ ನಾಲ್ಕು. ಕಿಬ್ಬೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವುದು ಈಗಿನ ಹುಡುಗರ ಪದ್ಧತಿ, ಬೇಗ ಸೆಳೆಯಬಹುದಂತೆ. ನಳಿಗೆ ಯಾವ ಕಡೆ ಮುಖ ಮಾಡಿರುತ್ತದೆಂದು ಯೋಚಿಸಿದರೆ ಮೈ ನಡುಗುತ್ತದೆ. ಹೊಟ್ಟೆ ಬಂದವರಿಗೆ ಆ ಜಾಗ ಹೇಗೂ ಸಿಗುವುದಿಲ್ಲ, ದೇವರು ದೊಡ್ಡವನು. ಯುಗಾದಿಗೆ ಪಂಚೆ ಉಟ್ಟರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. ಒಳಗೆ ಬೆಲ್ಟು ಕಟ್ಟುತ್ತೇನೆ ಎಂದ. ಅವನ ಹೆಂಡತಿ ಅಡುಗೆಮನೆಯಿಂದಲೇ, “ಅಣ್ಣಾ, ಪಂಚೆ ನಿಲ್ಲೋಕೇ ಇವರಿಗೆ ಬೆಲ್ಟು ಬೇಕು, ಅದಕ್ಕೆ ಪಿಸ್ತೂಲು ಬೇರೆ” ಎಂದಳು. 2019ರ ಕಾನೂನಿನ ಪ್ರಕಾರ ಟೆಕ್ಸಾಸಿನ ಪೂಜಾಸ್ಥಳಗಳಲ್ಲೂ ಪರವಾನಗಿಯುಳ್ಳವರು ಪಿಸ್ತೂಲು ಒಯ್ಯಬಹುದು, ಬೇಡವೆಂದು ಆಡಳಿತದವರು ಸೂಚನೆ ಕೊಟ್ಟಿರದಿದ್ದರೆ. ಅಂದರೆ ಚಪ್ಪಲಿ ಹೊರಗೆ ಬಿಡಲೇಬೇಕಾದ ಜಾಗಕ್ಕೆ ಪಿಸ್ತೂಲು ಒಳಗೆ ಹೋಗಬಹುದು.

ಹೆಂಗಸರಿಗೆ ಇದು ಇನ್ನೂ ಕಷ್ಟ. ಸೀರೆಗೂ ಸಲ್ವಾರಿಗೂ ಬೆಲ್ಟಿಲ್ಲ. ಅದಕ್ಕೆಂದೇ ಒಳಗೆ ಗುಪ್ತ ಖಾನೆಯಿರುವ ಕೈಚೀಲಗಳನ್ನು ಮಾರುತ್ತಾರೆ. ಇಲ್ಲಿ ತಮಾಷೆ ನಿಲ್ಲಿಸಬೇಕು. 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟಿನಲ್ಲಿ, ಸಾಮಾನಿನ ಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ಅಂಥದೇ ಚೀಲದೊಳಗೆ ಕೈಹಾಕಿತು, ಒಳಗಿದ್ದ ಪಿಸ್ತೂಲು ಹಾರಿತು, ತಾಯಿ ಅಲ್ಲೇ ಸತ್ತಳು. ಆಕೆ ಬಂದೂಕಿನ ಪರಿಚಯವಿಲ್ಲದವಳಲ್ಲ, ಪರವಾನಗಿ ಪಡೆದು ಪಳಗಿದ್ದವಳು. ಚೀಲ ಮೈಯಿಂದ ಒಂದು ಮಾರು ದೂರವಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಚೀಲವೂ ಇಲ್ಲದೆ ಬರಿಯ ಸೊಂಟಕ್ಕೆ ಸಿಕ್ಕಿಸಿಕೊಂಡವರ ಕಥೆಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲ್ಯಾಕ್ಸಿಕೊ ಬರೆಸ್ ಉದಾಹರಣೆ. 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ಚೆಂಡನ್ನು ಹಿಡಿದವನು. ಅದೇ ನವೆಂಬರಿನಲ್ಲಿ ಮ್ಯಾನ್‌ಹಟನ್ನಿನ ನೈಟ್‌ಕ್ಲಬ್ಬಿನಲ್ಲಿ ಸೊಂಟದ ಗ್ಲಾಕ್ ಕಾಲಿನಗುಂಟ ಜಾರಿತು, ಹಿಡಿಯಲು ಹೋದ, ತೊಡೆಗೆ ಗುಂಡು ಹೊಡೆದುಕೊಂಡ. ಮೇಲೆ ಎರಡು ವರ್ಷ ಸಜೆ. ಗ್ಲಾಕಿನಂಥವಕ್ಕೆ ಪಕ್ಕದಲ್ಲಿ ಬೇರೆ ಬೀಗದ ಗುಂಡಿ ಇರುವುದಿಲ್ಲ, ಟ್ರಿಗರ್ ಪೂರ್ತಿ ಅದುಮಿದರೆ ಮುಗಿಯಿತು, ಅದುಮಿದ್ದು ಬೆರಳೋ ಅಂಗಿಯ ತುದಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಟ್ರಿಗರನ್ನು ಪೂರಾ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬೇಕು, ಬಿಸಿ ಮಾಡಿ ಅಚ್ಚೊತ್ತಿದ ಕೈಡೆಕ್ಸ್ ಪ್ಲಾಸ್ಟಿಕ್ಕಿನದೋ ದಪ್ಪ ಚರ್ಮದ್ದೋ. ಪಿಸ್ತೂಲಿಗೆ ಐದುನೂರು ಡಾಲರ್ ಎಣಿಸಿದ ಜನ ಹೋಲ್‌ಸ್ಟರಿಗೆ ಹತ್ತು ಡಾಲರಿನ ಬಟ್ಟೆಚೀಲ ಹುಡುಕುತ್ತಾರೆ ಎಂದು ಅಂಗಡಿಯ ಅಜ್ಜ ಗೊಣಗಿದ. ಇಡೀ ದಿನದಲ್ಲಿ ನಾನು ಕೇಳಿದ ಅತ್ಯಂತ ತೂಕದ ಮಾತು ಅದೇ.

ಇಷ್ಟೆಲ್ಲ ಆದಮೇಲೆ ದಿನನಿತ್ಯ ಒಯ್ಯುವುದಾದರೂ ಎಲ್ಲಿಗೆ? ಭಾವಮೈದುನನ ಆಫೀಸಿನಲ್ಲಿ ಕೂಡದು. ಮಗಳ ಶಾಲೆಯೊಳಗೆ ಕೂಡದು. ಮತಗಟ್ಟೆ, ನ್ಯಾಯಾಲಯ ಕೂಡದು. ಆದಾಯದ ನೂರಕ್ಕೆ 51 ಭಾಗ ಹೆಂಡದಿಂದ ಬರುವ ಜಾಗಗಳಿಗೆ ಕೂಡದು, ಬಾಗಿಲಲ್ಲಿ ಕೆಂಪಕ್ಷರದಲ್ಲಿ 51 ಎಂದೇ ಬರೆದಿರುತ್ತದೆ. ಅವನು ಕುಡಿಯುವುದಿಲ್ಲ, ಆ ಮಾತು ಬೇರೆ. ಮಿಕ್ಕ ಅಂಗಡಿಗಳವರು ಬೇಡವೆಂದರೆ 30.06 ಎಂಬ ಫಲಕ ಹಾಕಬೇಕು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಒಂದಿಂಚಿಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ. ಅದು ದಂಡಸಂಹಿತೆಯ ಕಲಮಿನ ಸಂಖ್ಯೆ. ಅಮೆರಿಕದ ಸೈನ್ಯದ ಹಳೆಯ ರೈಫಲ್ ಗುಂಡಿಗೂ .30-06 ಎಂದೇ ಹೆಸರಿರುವುದು ಕಾಕತಾಳೀಯ. ಹಾಗೆ ಹೋದಲ್ಲೆಲ್ಲ ಬಿಚ್ಚಿ ಕಾರಿನಲ್ಲಿ ಬಿಡಬೇಕು. ಕಾರಿನಲ್ಲಿ ಬಿಟ್ಟ ಪಿಸ್ತೂಲು ಕಳ್ಳರ ಪಾಲಾಗುವುದು ಅಲ್ಲಿನ ಪೊಲೀಸರ ನಿತ್ಯದ ಗೋಳು. ಬಿಚ್ಚಲು ಮರೆತವರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ. 2023ರಲ್ಲಿ ಅಮೆರಿಕದ ತಪಾಸಣೆಯವರು ಪ್ರಯಾಣಿಕರ ಕೈಸಾಮಾನಿನಲ್ಲಿ ಹಿಡಿದ ಬಂದೂಕು 6,737, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗುಂಡು ತುಂಬಿದವು. ಬಹುತೇಕರ ಉತ್ತರ ಒಂದೇ: ಇದ್ದದ್ದೇ ಮರೆತಿತ್ತು. ಇದ್ದದ್ದೇ ಮರೆಯುವಷ್ಟು ಹಗುರ ಪಿಸ್ತೂಲು ಮಾಡಿದ ಎಂಜಿನಿಯರ್ ಈ ಪ್ರಶಸ್ತಿಪತ್ರವನ್ನು ಗೋಡೆಗೆ ತೂಗುಹಾಕಿಕೊಳ್ಳಬಹುದು. ಎಲ್ಲಕ್ಕಿಂತ ವಿಚಿತ್ರ ಆಸ್ಟಿನ್ನಿನ ವಿಧಾನಸೌಧ. ಅಲ್ಲಿ ಪರವಾನಗಿಯಿದ್ದವರಿಗೆ ಬೇರೆ ಬಾಗಿಲು, ಲೋಹಶೋಧಕದ ಸಾಲಿಲ್ಲ. ಸಾಲು ತಪ್ಪಿಸಲೆಂದೇ ಪಿಸ್ತೂಲಿಲ್ಲದವರೂ ಪರವಾನಗಿ ಮಾಡಿಸಿಕೊಂಡರಂತೆ. ಸಾಲು ತಪ್ಪಿಸುವುದರಲ್ಲಿ ನಾವೇ ಗಟ್ಟಿಗರು ಎಂದುಕೊಂಡಿದ್ದೆ.

ನಮ್ಮಲ್ಲಿ ಕಥೆ ಬೇರೆ. ಪರವಾನಗಿಗೆ ಜಿಲ್ಲಾಧಿಕಾರಿಯ ಇಲ್ಲವೇ ಪೊಲೀಸ್ ಕಮಿಷನರ ಕಚೇರಿ ಸುತ್ತಬೇಕು. 9 ಎಂ.ಎಂ., .38 ನಿಷಿದ್ಧ, ಸಾಮಾನ್ಯನಿಗೆ ಸಿಗುವ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ .32ರದು. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರಲ್ಲಿ, ಕಾನ್ಪುರದವರು ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ಅರ್ಧ ಕಿಲೋದ ರಿವಾಲ್ವರ್ ತಂದರು, ಒಡವೆ ಪೆಟ್ಟಿಗೆಯಂಥದರಲ್ಲಿಟ್ಟು. ಆಗಿನ ಬೆಲೆ 1.22 ಲಕ್ಷ ರೂಪಾಯಿ. ಅಷ್ಟು ಹಣವೂ ಪರವಾನಗಿಯೂ ಇರುವ ಹೆಂಗಸು ರಾತ್ರಿ ಸಿಟಿ ಬಸ್ಸಿಗೆ ಕಾಯುತ್ತಾಳೆಯೇ ಎಂದು ಯಾರೂ ಕೇಳಿದಂತಿಲ್ಲ. ಇನ್ನು ಕೊಡಗಿನವರು ಪರವಾನಗಿಯಿಂದ ವಿನಾಯಿತಿ ಪಡೆದವರು, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಬಚ್ಚಿಡುವ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಊರ ಮುಂದೆ ಹಾರಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಯಾರ ಮನೆಯಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತು. ಎಲ್ಲರಿಗೂ ಕಾಣುವ ಕೋವಿ ಒಂದು ಮರ್ಯಾದೆಯನ್ನು ಕಲಿಸುತ್ತದೆ. ಅಂಗಿಯೊಳಗಿನ ಪಿಸ್ತೂಲು ಅನುಮಾನವನ್ನು ಮಾತ್ರ ಕಲಿಸುತ್ತದೆ, ಎದುರು ಬಂದ ಪ್ರತಿಯೊಬ್ಬನ ಅಂಗಿಯ ಉಬ್ಬನ್ನು ನೋಡುವಂತೆ ಮಾಡುತ್ತದೆ. ಟೆಕ್ಸಾಸಿನಲ್ಲಿ ಕೆಲವೇ ವಾರಗಳಲ್ಲಿ ನನಗೂ ಆ ಚಾಳಿ ಬಂತು. ಬಹಳಷ್ಟು ಉಬ್ಬುಗಳು ಬರೀ ಹೊಟ್ಟೆ.

ಇನ್ನು, ಮಿಕ್ಕ ಸಾವಿರಾರು ಮಧ್ಯಾಹ್ನಗಳದೆಂದು ಆಗ ಬಾಕಿ ಇಟ್ಟ ಲೆಕ್ಕ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 46,700. ಅವರಲ್ಲಿ 27,300 ಮಂದಿಯನ್ನು ಕಳ್ಳನೂ ಕೊಲ್ಲಲಿಲ್ಲ, ಹುಚ್ಚನೂ ಕೊಲ್ಲಲಿಲ್ಲ. ತಾವೇ ಹಾರಿಸಿಕೊಂಡರು. ಮನೆಗೆ ಪಿಸ್ತೂಲು ತರುವವನು ಕಿಟಕಿಯಾಚೆಗಿನ ಅಪರಿಚಿತನನ್ನು ನೆನೆದು ತರುತ್ತಾನೆ. ಅದು ಹಾರುವಾಗ ಎದುರಿಗಿರುವುದು ಬಹಳ ಸಲ ಮನೆಯವರೇ, ಕೆಟ್ಟ ರಾತ್ರಿಯೊಂದರಲ್ಲಿ ಅವನೇ. ಹಾಗಾಗಿ ನನ್ನನ್ನು ಕೇಳಿದರೆ ಒಯ್ಯಲೇಬೇಡಿ ಎನ್ನುತ್ತೇನೆ. ಕೇಳದೆ ಕೊಳ್ಳುವವರು ನಡುಗಾತ್ರದ್ದನ್ನು ಕೊಳ್ಳಲಿ, ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಹಾರಿಸಿ ನೋಡಲಿ, ದುಡ್ಡನ್ನು ಹೋಲ್‌ಸ್ಟರಿಗೂ ಬೀಗದ ಪೆಟ್ಟಿಗೆಗೂ ಸುರಿಯಲಿ. ಭಾವಮೈದುನನ ಪಿ365 ಈಗ ವಾರದಲ್ಲಿ ಮುಕ್ಕಾಲು ಪಾಲು ಬೆರಳಚ್ಚಿನ ಬೀಗದ ಪೆಟ್ಟಿಗೆಯಲ್ಲೇ ಇರುತ್ತದೆ. ಹೂವಿನ ಅಂಗಿ ಮಾತ್ರ ದಿನಾ ಹೊರಗೆ ಹೋಗುತ್ತದೆ.

ವೀಸಾ ಹಾಕಿಸಿಕೊಂಡು ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಹೊರಡುವ ನನ್ನ ಓರಗೆಯವರಿಗೆ ಒಂದು ಮಾತು. ಹೋದ ಮೊದಲ ದಿನವೇ ಮಗನನ್ನೋ ಅಳಿಯನನ್ನೋ ಕೇಳಿ: ಮನೆಯಲ್ಲಿ ಪಿಸ್ತೂಲು ಇದೆಯೇ, ಇದ್ದರೆ ಯಾವ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದೆಯೇ. ಮಕ್ಕಳು ಆಟಕ್ಕೆ ಹೋಗುವ ಪಕ್ಕದ ಮನೆಯವರನ್ನೂ ಕೇಳಿಸಿ. ಅಲ್ಲಿ ಇದನ್ನು ಕೇಳುವುದು ಅಸಭ್ಯವಲ್ಲ, ಮಕ್ಕಳ ವೈದ್ಯರೇ ಕೇಳಿ ಎನ್ನುತ್ತಾರೆ.